ಕುಲಶೇಖರದ ಓಣಿಗೆ ಮರುಭೂಮಿಯ ಗಾಡಿ ಯಾಕೆ?

ರಸ್ತೆ ಕೆಟ್ಟಿದೆ, ಹಾಗಾಗಿ ಗಟ್ಟಿ ಗಾಡಿ ಬೇಕು. ಮಂಗಳೂರಿನಲ್ಲಿ ಕಾರು ಬದಲಿಸಲು ಹೊರಟವರ ಬಾಯಲ್ಲಿ ಮೊದಲು ಬರುವ ಮಾತು ಈಗ ಇದು. ಹಿಂದೆ ಸ್ವಿಫ್ಟ್ ಇದ್ದವರು ಕ್ರೆಟಾ ನೋಡುತ್ತಿದ್ದರು, ಕ್ರೆಟಾ ಇದ್ದವರು ಫಾರ್ಚೂನರ್ ನೋಡುತ್ತಿದ್ದರು. ಈಗ ಆ ಪಟ್ಟಿಗೆ ಪಿಕಪ್ ಸೇರಿದೆ. ನಮ್ಮ ಕಡೆ ಪಿಕಪ್ ಎಂದರೆ ಬಾಳೆಗೊನೆ, ಸಿಮೆಂಟು, ಮದುವೆ ಮನೆಯ ಕುರ್ಚಿ ಹೇರುವ ಬೊಲೆರೊ. ನಾವು ಹೇಳುತ್ತಿರುವುದು ಅದನ್ನಲ್ಲ. 2016ರಲ್ಲಿ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್‌ನಂಥ ಗಾಡಿಗಳನ್ನು. ಐದು ಜನ ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ, ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಗೇರು, ಗುಡ್ಡ ಹತ್ತುವ ಜಾಹೀರಾತು.

ನಮ್ಮ ಬಳಗದ ಒಬ್ಬರ ಮನೆ ಕುಲಶೇಖರದಲ್ಲಿದೆ. ಆ ಮನೆಯಲ್ಲಿ ಮೂರು ತಿಂಗಳಿಂದ ಇದೇ ಚರ್ಚೆ. ತಮ್ಮನಿಗೆ ಪಿಕಪ್ ಬೇಕು. ಅಪ್ಪನಿಗೆ ಅರ್ಧ ಮನಸ್ಸು. ಅಮ್ಮನನ್ನು ಯಾರೂ ಕೇಳಿಲ್ಲ. ಇಂಥ ಚರ್ಚೆ ಆ ಒಂದು ಮನೆಯದ್ದು ಮಾತ್ರ ಅಲ್ಲ ಎಂದು ಗೊತ್ತಿರುವುದರಿಂದ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ: ಕುಲಶೇಖರದಂಥ ಜಾಗದಲ್ಲಿ ಇರುವ ಕುಟುಂಬ ಈ ಗಾಡಿಯನ್ನು ಮನೆಯ ಕಾರಾಗಿ ಕೊಳ್ಳಬಾರದು. ಕಾರಣಗಳು ಮನೆಯ ಗೇಟಿನಿಂದಲೇ ಶುರುವಾಗುತ್ತವೆ.

ಕುಲಶೇಖರ ನೋಡಿದವರಿಗೆ ಗೊತ್ತು. ಮೂಡುಬಿದಿರೆಗೆ ಹೋಗುವ ಹೆದ್ದಾರಿ ಮೇಲಿದೆ, ಮನೆಗಳು ಇಳಿಜಾರಿನಲ್ಲಿವೆ. ಹೆದ್ದಾರಿಯಿಂದ ಕಾಂಕ್ರೀಟ್ ಓಣಿಗಳು ಇಳಿಯುತ್ತವೆ, ತಿರುಗುತ್ತವೆ, ಯಾರದೋ ಮುರಕಲ್ಲಿನ ಕಂಪೌಂಡಿಗೆ ತಾಗಿಕೊಂಡು ಮುಗಿಯುತ್ತವೆ. ಎದುರಿನಿಂದ ಆಟೊ ಬಂದರೆ ಒಬ್ಬರು ಹಿಂದೆ ಹೋಗಬೇಕು. ಈಗ ಅಳತೆ ನೋಡಿ. ಸ್ವಿಫ್ಟ್‌ನ ಉದ್ದ 3,860 ಮಿಲಿಮೀಟರ್. ಹೈಲಕ್ಸ್ 5,325, ವಿ-ಕ್ರಾಸ್ 5,295. ಅಂದರೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ಜಾಸ್ತಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಮೂರು ಮೀಟರಿಗಿಂತ ಹೆಚ್ಚು ಅಂತರ. ಇಂಥ ಗಾಡಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಸ್ವಿಫ್ಟ್ ಸಲೀಸಾಗಿ ತಿರುಗುವ ಮೂಲೆಯಲ್ಲಿ ಇದು ಎರಡು ಮೂರು ಸಲ ಹಿಂದೆ ಮುಂದೆ ಆಗಬೇಕು, ಅದೂ ಇಳಿಜಾರಿನಲ್ಲಿ, ಹಿಂದೆ ಏನಿದೆ ಎಂದು ಸರಿಯಾಗಿ ಕಾಣದೆ. ಅಂಗಳದಲ್ಲಿ ನಿಲ್ಲಿಸಿದರೆ ಗೇಟು ಹಾಕಲು ಆಗದ ಮನೆಗಳು ಎಷ್ಟೋ ಇವೆ. ಆಗ ಗಾಡಿ ಓಣಿಯಲ್ಲೇ ನಿಲ್ಲುತ್ತದೆ. ಆ್ಯಂಬುಲೆನ್ಸ್ ಬಂದ ದಿನ ನೆರೆಯವರು ಏನು ಹೇಳುತ್ತಾರೆ ಎಂದು ಈಗಲೇ ಯೋಚಿಸುವುದು ಒಳ್ಳೆಯದು.

ಈ ಗಾಡಿ ನಮ್ಮ ಊರಿಗೆ ಹೊಸತಲ್ಲ ಎನ್ನುವುದೂ ನೆನಪಿರಲಿ. ಕೊಲ್ಲಿಗೆ ಹೋಗಿ ಬಂದವರ ಮನೆ ಕುಲಶೇಖರದಲ್ಲಿ ಬೇಕಾದಷ್ಟಿವೆ. ದುಬೈ, ಕುವೈತ್, ಮಸ್ಕತ್ತಿನಲ್ಲಿ ದುಡಿದ ದೊಡ್ಡಪ್ಪ, ಮಾವಂದಿರನ್ನು ಕೇಳಿ. ಅಲ್ಲಿ ಹೈಲಕ್ಸ್ ಎಂದರೆ ಕಂಪನಿಯ ಸೈಟ್ ಗಾಡಿ. ಹಿಂದೆ ಪೈಪು, ಸ್ಪ್ಯಾನರು, ಒಳಗೆ ಬೆವರಿದ ಜನ. ಮರಳಿನಲ್ಲಿ ಓಡಬೇಕು, ಭಾರ ಹೊರಬೇಕು, ವರ್ಷಗಟ್ಟಲೆ ಬಾಳಬೇಕು. ಆ ಕೆಲಸದಲ್ಲಿ ಅದನ್ನು ಮೀರಿಸುವ ಗಾಡಿ ಕಡಿಮೆ. ಅಲ್ಲಿ ಕೂಲಿಯ ಗಾಡಿಯಾಗಿದ್ದದ್ದು ಇಲ್ಲಿ ಅಂತಸ್ತಿನ ಗಾಡಿಯಾಗಿದೆ. ಗಾಡಿ ಬದಲಾಗಿಲ್ಲ, ಬೆಲೆಯ ಚೀಟಿ ಬದಲಾಗಿದೆ.

ಕೆಲಸದ ಗಾಡಿ ಎಂದ ಮೇಲೆ ಅದರ ಹಿಂಬದಿಯಲ್ಲಿ ಲಾರಿಯ ಹಾಗೆ ಪಟ್ಟಿ ಸ್ಪ್ರಿಂಗು ಇರುತ್ತದೆ. ನಾನ್ನೂರು ಐನೂರು ಕಿಲೋ ಹೇರಿದರೆ ಅದು ಮೆತ್ತಗೆ ಹೋಗುತ್ತದೆ, ಖಾಲಿ ಇದ್ದರೆ ಹೊಂಡಕ್ಕೆ ಬಿದ್ದಾಗ ಹಿಂಭಾಗ ಜಿಗಿಯುತ್ತದೆ. ಮನೆಯ ಬಳಕೆಯಲ್ಲಿ ತೊಟ್ಟಿ ಖಾಲಿಯೇ ಇರುವುದು. ಜಿಗಿತ ತಿನ್ನುವವರು ಯಾರು? ಹಿಂದೆ ಕೂತ ಅಜ್ಜಿ ಮತ್ತು ಮಕ್ಕಳು. ತೊಟ್ಟಿಗೆ ಜಾಗ ಬಿಡಬೇಕಾದ್ದರಿಂದ ಹಿಂದಿನ ಸೀಟಿನ ಒರಗು ನೆಟ್ಟಗೆ ಇರುತ್ತದೆ. ಮೊಣಕಾಲು ನೋವಿನ ಅಮ್ಮ ಅಷ್ಟೆತ್ತರ ಕಾಲಿಟ್ಟು ಹತ್ತಬೇಕು, ಸೀರೆ ಎತ್ತಿ ಹಿಡಿದು ಇಳಿಯಬೇಕು. ಚಾಲಕನ ಸೀಟಿನಲ್ಲಿ ಕೂತು ಟೆಸ್ಟ್ ಡ್ರೈವ್ ಮಾಡುವುದು ತಮ್ಮ. ಹಿಂದಿನ ಸೀಟಿನಲ್ಲಿ ಕೂತು ಟೆಸ್ಟ್ ಡ್ರೈವ್ ಮಾಡಿದ ಅಮ್ಮಂದಿರನ್ನು ನಾವು ನೋಡಿಲ್ಲ.

ಮಳೆಯ ಮಾತಿಗೆ ಬರೋಣ, ಯಾಕೆಂದರೆ ಎಲ್ಲರೂ ಕೊನೆಗೆ ಅಲ್ಲಿಗೇ ಬರುತ್ತಾರೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿಯಂಥ ಕಡೆ ರಸ್ತೆ ಯಾವುದು ತೋಡು ಯಾವುದು ಗೊತ್ತಾಗಲಿಲ್ಲ. ಅಂಥ ದಿನಕ್ಕೆ ಎತ್ತರದ ಗಾಡಿ ಇದ್ದರೆ ಆಯಿತಲ್ಲ ಎನ್ನುತ್ತಾರೆ. ಎತ್ತರದ ಗಾಡಿ ನಿಂತ ನೀರು ದಾಟುತ್ತದೆ, ನಿಜ. ಆದರೆ ಹರಿಯುವ ನೀರಿನ ಲೆಕ್ಕ ಬೇರೆ. ಎರಡು ಅಡಿ ರಭಸದ ನೀರು ಪಿಕಪ್, ಎಸ್‌ಯುವಿಗಳನ್ನೂ ಎಳೆದುಕೊಂಡು ಹೋಗಬಲ್ಲದು ಎಂದು ಅಮೆರಿಕದ ಹವಾಮಾನ ಇಲಾಖೆ ತನ್ನ ಜನರಿಗೆ ಪ್ರತಿ ವರ್ಷ ಎಚ್ಚರಿಸುತ್ತದೆ. ಪಿಕಪ್ ಓಡಿಸುವುದರಲ್ಲಿ ಅವರಿಗಿಂತ ಪಳಗಿದವರು ಯಾರೂ ಇಲ್ಲ. ನಮ್ಮಲ್ಲಿ ನೀರಿನಡಿ ಚಪ್ಪಡಿ ಎದ್ದುಹೋದ ಚರಂಡಿಯೂ ಇರುತ್ತದೆ. ಅದಕ್ಕೆ ಗಾಡಿಯ ಬೆಲೆ ಗೊತ್ತಾಗುವುದಿಲ್ಲ.

ನಾಲ್ಕು ಚಕ್ರದ ಶಕ್ತಿ ಮಳೆಯಲ್ಲಿ ಕಾಪಾಡುತ್ತದೆ ಎನ್ನುವುದು ಇನ್ನೊಂದು ನಂಬಿಕೆ. ಅದು ಕೆಸರಿನಲ್ಲಿ ಮುಂದೆ ಹೋಗಲು ಸಹಾಯ ಮಾಡುತ್ತದೆ. ನಿಲ್ಲಲು ಸಹಾಯ ಮಾಡುವುದಿಲ್ಲ. ಬ್ರೇಕು ಸ್ವಿಫ್ಟ್‌ಗೂ ನಾಲ್ಕು ಚಕ್ರಕ್ಕೇ ಇದೆ. ಎರಡು ಟನ್ ತೂಗುವ ಗಾಡಿ ಒದ್ದೆ ರಸ್ತೆಯಲ್ಲಿ ನಿಲ್ಲಬೇಕಾದರೆ ಟಯರು, ವೇಗ, ಅಂತರ ಇವೇ ಲೆಕ್ಕಕ್ಕೆ ಬರುವುದು. ಅದಲ್ಲದೆ ಈ ಎರಡೂ ಗಾಡಿಗಳ ಫೋರ್ ವೀಲ್ ಬೇಕಾದಾಗ ಮಾತ್ರ ಹಾಕಿಕೊಳ್ಳುವ ನಮೂನೆಯದು. ಒಣ ಡಾಂಬರು, ಕಾಂಕ್ರೀಟಿನ ಮೇಲೆ ಹಾಕಿಕೊಂಡು ಓಡಿಸಿದರೆ ತಿರುವುಗಳಲ್ಲಿ ಗೇರು, ಆ್ಯಕ್ಸಲುಗಳಿಗೆ ಪೆಟ್ಟು. ಅಂದರೆ ಲಕ್ಷಗಟ್ಟಲೆ ಹೆಚ್ಚು ಕೊಟ್ಟ ಆ ಲಿವರನ್ನು ಕುಲಶೇಖರದಿಂದ ಕಂಕನಾಡಿಗೆ ಹೋಗಿ ಬರುವ ದಾರಿಯಲ್ಲಿ ಮುಟ್ಟುವ ಹಾಗಿಲ್ಲ.

ದಿನಾ ನಾಲ್ಕೈದು ಕಿಲೋಮೀಟರ್ ಓಟದ ಇನ್ನೊಂದು ತೊಂದರೆ ಇದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಕಾದು ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ನಂತೂರಿನ ಸಿಗ್ನಲ್ಲು, ಶಾಲೆಯ ಗೇಟು, ತರಕಾರಿ ಅಂಗಡಿ ಎಂದು ನಿಂತು ನಿಂತು ಹೋದರೆ ಸುಡುವುದಿಲ್ಲ, ಕಟ್ಟಿಕೊಳ್ಳುತ್ತದೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ, ವರ್ಕ್‌ಶಾಪಿನಲ್ಲಿ ಬಿಲ್ಲು.

ದುಡ್ಡಿನ ಲೆಕ್ಕ ನೇರ ಮಾಡಿಬಿಡೋಣ. ಗಾಡಿಯ ಬೆಲೆ 30 ಲಕ್ಷ ಎಂದು ಹಿಡಿಯಿರಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಖಾಸಗಿ ಕಾರಿಗೆ ಆಜೀವ ತೆರಿಗೆ ಶೇ. 18. ಅದೇ 5 ಲಕ್ಷ 40 ಸಾವಿರ, ಅದರ ಮೇಲೆ ಸೆಸ್. ವಿಮೆ ಬೇರೆ. 25 ಲಕ್ಷ ಸಾಲ, ಶೇ. 9 ಬಡ್ಡಿ, ಏಳು ವರ್ಷ ಎಂದರೆ ತಿಂಗಳ ಕಂತು 40 ಸಾವಿರದ ಮೇಲೆ. ಏಳು ವರ್ಷದಲ್ಲಿ ಬಡ್ಡಿಯೇ ಎಂಟೂಮುಕ್ಕಾಲು ಲಕ್ಷ. ತೋಟದ ಸಾಮಾನು ತರಲು ಬೇಕು ಎನ್ನುತ್ತಾರೆ. ಬಾಡಿಗೆ ಪಿಕಪ್ ಒಂದು ಟ್ರಿಪ್ಪಿಗೆ 2,500 ಕೇಳಿದ ಎಂದೇ ಇಟ್ಟುಕೊಳ್ಳಿ. ಒಂದು ತಿಂಗಳ ಕಂತಿನಲ್ಲಿ 16 ಟ್ರಿಪ್ಪು. ಅಡಿಕೆ ಕೊಯ್ಲು ವರ್ಷಕ್ಕೆ ಮೂರ್ನಾಲ್ಕು ಸಲ. ಎರಡು ಎಕರೆ ತೋಟದವರಿಗೆ ವರ್ಷಕ್ಕೆ 16 ಟ್ರಿಪ್ಪಿನ ಸಾಮಾನು ಎಲ್ಲಿಂದ ಬರುತ್ತದೆ? ಬಾಡಿಗೆಗೆ ಕರೆದರೆ ಊರಿನ ಒಬ್ಬ ಡ್ರೈವರನ ಮನೆಗೂ ಅಕ್ಕಿ ಸೇರುತ್ತದೆ.

ಮನೆಯವರ ಕಷ್ಟ ಮನೆಯವರಿಗೆ ಎಂದು ಬಿಡಬಹುದಿತ್ತು. ಆದರೆ ಓಣಿಯಲ್ಲಿ ನಡೆಯುವವರೂ ಇದ್ದಾರೆ. ಕುಲಶೇಖರದಲ್ಲಿ ಶಾಲೆಗಳಿವೆ, ಕೊರ್ಡೆಲ್ ಚರ್ಚಿದೆ, ವೀರನಾರಾಯಣ ದೇವಸ್ಥಾನ ಇದೆ, ಹಾಲಿನ ಡೇರಿ ಇದೆ. ಬೆಳಗ್ಗೆ ಅಲ್ಲಿ ನಡೆದು ಹೋಗುವವರು ಗಾಡಿಯಲ್ಲಿ ಹೋಗುವವರಿಗಿಂತ ಕಡಿಮೆಯೇನಲ್ಲ, ಫುಟ್‌ಪಾತ್ ಇದ್ದಲ್ಲಿ ಇದೆ, ಇಲ್ಲದಲ್ಲಿ ಇಲ್ಲ. ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬಾನೆಟ್ಟಿನ ಎತ್ತರ 40 ಇಂಚಿಗಿಂತ ಹೆಚ್ಚಿರುವ ಗಾಡಿ ಪಾದಚಾರಿಗೆ ಬಡಿದರೆ, 30 ಇಂಚಿನೊಳಗಿನ ಗಾಡಿಗಿಂತ ಸಾವಿನ ಸಂಭವ ಸುಮಾರು ಶೇ. 45 ಜಾಸ್ತಿ. ಕಾರಣ ಸರಳ. ತಗ್ಗಿನ ಕಾರು ಕಾಲಿಗೆ ಬಡಿಯುತ್ತದೆ, ಎತ್ತರದ ಗಾಡಿ ಎದೆಗೆ, ತಲೆಗೆ ಬಡಿಯುತ್ತದೆ. ಮಗುವಾದರೆ ಬಾನೆಟ್ಟಿನ ಮುಂದೆ ಕಾಣುವುದೇ ಇಲ್ಲ. ಅದರ ಮೇಲೆ ಕಬ್ಬಿಣದ ಗಾರ್ಡು ಹಾಕಿಸುವವರಿದ್ದಾರೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಎಂದು ರಾಜ್ಯಗಳಿಗೆ ಬರೆದಿದೆ. ನಮ್ಮ ಕುಟುಂಬದ ಸುರಕ್ಷತೆ ಎಂದು ಕೊಂಡದ್ದು ಪಕ್ಕದ ಮನೆಯ ಮಗುವಿನ ಅಪಾಯವಾದರೆ ಅದನ್ನು ಸುರಕ್ಷತೆ ಎಂದು ಕರೆಯಬೇಡಿ.

ಹಾಗಾದರೆ ರಸ್ತೆ ಕೆಟ್ಟಿರುವುದು ಸುಳ್ಳೇ? ಅಲ್ಲ. ಕುಲಶೇಖರದಿಂದ ಸಾಣೂರಿನವರೆಗಿನ ಸುಮಾರು 45 ಕಿ.ಮೀ. ಚತುಷ್ಪಥ ಕಾಮಗಾರಿ ಭೂಸ್ವಾಧೀನದ ಪರಿಹಾರದ ತಕರಾರಿನಲ್ಲಿ ವರ್ಷಗಟ್ಟಲೆ ಎಳೆದಾಡಿದ್ದನ್ನು ಈ ದಾರಿಯಲ್ಲಿ ಓಡಾಡಿದ ಎಲ್ಲರೂ ಕಂಡಿದ್ದಾರೆ. ಆದರೆ ಹೊಂಡಕ್ಕೆ ಮದ್ದು ರಸ್ತೆ ರಿಪೇರಿ, ದೊಡ್ಡ ಟಯರು ಅಲ್ಲ. 2019ರ ಆಗಸ್ಟಿನಲ್ಲಿ ಪಡೀಲ್–ಕುಲಶೇಖರ ನಡುವೆ ಹಳಿಯ ಮೇಲೆ ಗುಡ್ಡ ಜರಿದು ದಿನಗಟ್ಟಲೆ ರೈಲು ನಿಂತಿತು. ಆಗ ಪ್ರಯಾಣಿಕರೇ ಗಟ್ಟಿ ರೈಲು ಕೊಂಡುಕೊಳ್ಳಲಿ ಎಂದು ಯಾರೂ ಹೇಳಲಿಲ್ಲ. ರೈಲ್ವೆಯವರೇ ರಾತ್ರಿ ಹಗಲು ನಿಂತು ದಾರಿ ಸರಿ ಮಾಡಿದರು. ರಸ್ತೆಯ ವಿಷಯದಲ್ಲಿ ಮಾತ್ರ ನಾವು ಬೇರೆ ನ್ಯಾಯ ಒಪ್ಪಿಕೊಂಡಿದ್ದೇವೆ. ದುಡ್ಡಿದ್ದವರು ಹೊಂಡ ಗೊತ್ತಾಗದ ಗಾಡಿ ಕೊಳ್ಳುವುದು, ಇಲ್ಲದವರು ಸ್ಕೂಟರಿನಲ್ಲಿ ಬೀಳುವುದು. ಕಾರ್ಪೊರೇಷನ್ನಿಗೆ ಫೋನು ಮಾಡಿದರೆ ಕೇಳಿಸಿಕೊಳ್ಳುವುದು ಯಾರ ಮಾತು? ಆ ದುಡ್ಡಿದ್ದವರದ್ದೇ. ಅವರಿಗೇ ಹೊಂಡ ತಾಗುವುದು ನಿಂತರೆ ಫೋನು ಮಾಡುವವರು ಯಾರು? ಬಾವಿ, ಟ್ಯಾಂಕರು, ಜನರೇಟರು, ಖಾಸಗಿ ಶಾಲೆ ಎಂದು ಒಂದೊಂದಾಗಿ ಕೈಬಿಟ್ಟ ಪಟ್ಟಿಗೆ ರಸ್ತೆಯೂ ಸೇರುತ್ತಿದೆ. ಈ ಗಾಡಿಯ ಮೇಲೆ ನಮ್ಮ ದೊಡ್ಡ ತಕರಾರು ಇದು.

ಪಿಕಪ್ ಬೇಕಾದವರು ಇಲ್ಲವೆಂದಲ್ಲ. ಸುಳ್ಯ, ಬೆಳ್ತಂಗಡಿಯ ಒಳಹಳ್ಳಿಗಳಲ್ಲಿ ಇವತ್ತಿಗೂ ಸರ್ವಿಸ್ ಜೀಪು ಓಡುವುದು ಸುಮ್ಮನೆ ಅಲ್ಲ. ಗುಡ್ಡದ ಮೇಲೆ ತೋಟ, ಮಳೆಗಾಲದಲ್ಲಿ ಜಾರುವ ಮಣ್ಣಿನ ದಾರಿ, ವಾರಕ್ಕೆ ಎರಡು ಸಲ ಗೊಬ್ಬರವೋ ರಬ್ಬರೋ ಹೇರುವ ಕೆಲಸ ಇದ್ದವರು ಕೊಳ್ಳಲಿ. ಅವರಿಗೆ ತೊಟ್ಟಿಯೂ ಲಿವರೂ ಕೂಲಿ ದುಡಿಯುತ್ತವೆ. ಚಾರ್ಮಾಡಿ, ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದಾಗ ಮಾತ್ರ ಅವರ ಪಿಕಪ್ಪೂ ನಮ್ಮ ಸ್ವಿಫ್ಟೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಇನ್ನೂ ಮನಸ್ಸು ಒಪ್ಪದಿದ್ದರೆ ಒಂದು ಕೆಲಸ ಮಾಡಿ. ಬುಕಿಂಗ್ ದುಡ್ಡು ಕಟ್ಟುವ ಮೊದಲು ಒಂದು ತಿಂಗಳು ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ. ಮನೆಯ ಕಾರು ಹೊರಗೆ ಹೋದಾಗಲೆಲ್ಲ ನಾಲ್ಕು ವಿಷಯ ಬರೆಯಿರಿ: ಎಷ್ಟು ಕಿ.ಮೀ., ಎಷ್ಟು ಜನ, ಎಷ್ಟು ಕಿಲೋ ಸಾಮಾನು, ಮಣ್ಣಿನ ದಾರಿ ಎಷ್ಟು ದೂರ. ಶೋರೂಮಿನವರ ಹತ್ತಿರ ಎರಡು ಪ್ರಶ್ನೆ ಕೇಳಿ: ಆರ್‌ಸಿಯಲ್ಲಿ ಇದು ಯಾವ ವರ್ಗದ ವಾಹನ ಎಂದು ಬರುತ್ತದೆ, ಇದನ್ನು ನಮ್ಮ ಓಣಿಯೊಳಗೆ ತಂದು ಅಂಗಳದಲ್ಲಿ ನಿಲ್ಲಿಸಿ ತೋರಿಸುತ್ತೀರಾ. ಮೊದಲ ಪ್ರಶ್ನೆ ಯಾಕೆಂದರೆ 2023ರ ಅಕ್ಟೋಬರಿನಿಂದ ನಡೆಯುತ್ತಿರುವ ಭಾರತ್ ಎನ್‌ಸಿಎಪಿ ಅಪಘಾತ ಪರೀಕ್ಷೆ ಪ್ರಯಾಣಿಕರ ವರ್ಗದ ಗಾಡಿಗಳಿಗೆ ಮಾತ್ರ, ಸಾಮಾನು ಸಾಗಿಸುವ ವರ್ಗಕ್ಕಲ್ಲ. ಆಮೇಲೆ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ವಾಮಂಜೂರಿಗೆ ಹೋಗಿ ಬನ್ನಿ.

ತಿಂಗಳ ಕೊನೆಗೆ ಆ ಹಾಳೆಯನ್ನು ಮನೆಯವರೆಲ್ಲ ಕೂತು ಓದಿ. ಮಣ್ಣಿನ ದಾರಿಯ ಸಾಲಿನಲ್ಲಿ ಸೊನ್ನೆಗಳೇ ಇದ್ದರೆ, ಉಳಿಯುವ ಹತ್ತು ಹದಿನೈದು ಲಕ್ಷಕ್ಕೆ ಬೇರೆ ಕೆಲಸ ಮನೆಯಲ್ಲೇ ಕಾದಿರುತ್ತದೆ. ಓಣಿಯ ಹೊಂಡದ ಅರ್ಜಿ ಬರೆಯುವುದಿದ್ದರೆ ನಮ್ಮ ಬಳಗವನ್ನು ಕರೆಯಿರಿ. ಅರ್ಜಿ ಬರೆಯುವುದನ್ನು ನಾವು ತರಗತಿಯಲ್ಲಿ ಕಲಿತಿದ್ದೇವೆ, ಕಾರ್ಪೊರೇಷನ್ನಿನವರೆಗೆ ನಡೆದೇ ಬರುತ್ತೇವೆ.