ನಾಲಿಗೆಯ ತುದಿಯಲ್ಲೇ ಇದೆ!



ಊರಿನಿಂದ ಅಜ್ಜಿ ಫೋನು ಮಾಡಿದಾಗ "ಅಜ್ಜೀ, ಅದು... ಅದೇನೋ..." ಎಂದು ತಡವರಿಸಿ ಫೋನನ್ನು ಅಮ್ಮನ ಕೈಗೆ ದಾಟಿಸುತ್ತೀರಲ್ಲ, ಇಂದು ಆ ಬಗ್ಗೆ ನಾಲ್ಕು ಮಾತು. ದೊಡ್ಡವರು ಇದನ್ನು ಅಸಡ್ಡೆ ಎನ್ನುತ್ತಾರೆ, ಕೆಲವರು ನಗುತ್ತಾರೆ. ಎರಡು ಸಲ ನಗಿಸಿಕೊಂಡ ಹುಡುಗ ಮೂರನೆಯ ಸಲ ಕನ್ನಡದಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ. ನಷ್ಟವಾಗುವುದು ಅಲ್ಲಿ.

ಎರಡು ಭಾಷೆ ಬಲ್ಲವರು ಒಂದರಲ್ಲಿ ಮಾತನಾಡುವಾಗ ಇನ್ನೊಂದು ನಿದ್ದೆ ಮಾಡುತ್ತಿರುವುದಿಲ್ಲ. 'ಬದನೆಕಾಯಿ' ಎನ್ನಲು ಹೊರಟರೆ ವಾಂಗಿ, ಬೈಂಗನ್, ಬ್ರಿಂಜಾಲ್ ಮೂರೂ ದಾದರಿನಲ್ಲಿ ಇಳಿಯುವವರಂತೆ ಬಾಗಿಲಿಗೆ ನುಗ್ಗುತ್ತವೆ. (ನಮ್ಮ ವಾಂಗೀಬಾತಿನ ವಾಂಗಿಯೂ ಮರಾಠಿಯದೇ ಅನ್ನಿ.) ದಿನವೂ ಬಳಸುವ ಪದ ಮೊದಲು ಇಳಿಯುತ್ತದೆ. ಬೇಕಾದದ್ದು ಹಿಂದೆ ಉಳಿಯುತ್ತದೆ, ಕಳೆದುಹೋಗಿರುವುದಿಲ್ಲ.

ನೆರೆಯ ಭಾಷೆ ಅಡ್ಡಿಯಷ್ಟೇ ಅಲ್ಲ, ಆಸರೆಯೂ ಹೌದು. ತುಪ್ಪ ಮರಾಠಿಯಲ್ಲಿ ತೂಪ್. ಹೀಗೆ ಹೋಲುವ ಪದಗಳು ಬೇಗ ನೆನಪಾಗುತ್ತವೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಆದರೆ ಎಚ್ಚರ! ಹಿಂದಿಯ 'ಶಿಕ್ಷಾ' ವಿದ್ಯೆ. ಕನ್ನಡದಲ್ಲೂ ಮರಾಠಿಯಲ್ಲೂ ಅದು ದಂಡನೆ. "ಕಾಲೇಜಿನಲ್ಲಿ ಒಳ್ಳೆಯ ಶಿಕ್ಷೆ ಕೊಡುತ್ತಾರೆ" ಎಂದರೆ ಅಜ್ಜಿ ಗಾಬರಿಯಾದಾರು.

ಇನ್ನು ಶಬ್ದಭಂಡಾರ. ಅಮೆರಿಕದ ಮಯಾಮಿಯಲ್ಲಿ ಸ್ಪ್ಯಾನಿಷ್-ಇಂಗ್ಲಿಷ್ ಕಲಿಯುತ್ತಿದ್ದ ಪುಟ್ಟ ಮಕ್ಕಳನ್ನು ಬಾರ್ಬರಾ ಪಿಯರ್‌ಸನ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದರು. ಒಂದೇ ಭಾಷೆಯ ಪದಗಳನ್ನು ಎಣಿಸಿದರೆ ಕಡಿಮೆ ಎನಿಸಿದರೂ, ಎರಡನ್ನೂ ಕೂಡಿಸಿ ನೋಡಿದರೆ ಈ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಇರಲಿಲ್ಲ. ನಿಮ್ಮದೂ ಹೀಗೆಯೇ: ಒಗ್ಗರಣೆ, ಮುನಿಸು, ದೃಷ್ಟಿ ತೆಗೆಯುವುದು ಕನ್ನಡದಲ್ಲಿ, ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ. ಕನ್ನಡದ ತಟ್ಟೆಯನ್ನಷ್ಟೇ ತೂಗಿ ಬಡವರೆನ್ನುವುದು ನ್ಯಾಯವೇ?

ನಮ್ಮ ಮಹಾರಾಷ್ಟ್ರದ್ದೇ ಉದಾಹರಣೆ ಇದೆ. ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಅಲ್ಲಿ ಶತಮಾನಗಳಿಂದ ಒಟ್ಟಿಗೆ ಬಾಳಿದ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಅಚ್ಚಿಗೆ ಬಂದಿತ್ತು. ಪದಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದಿದ್ದವು. ಊರವರೊಡನೆ ಮರಾಠಿ ಆಡಿದರೂ ಮನೆಯಲ್ಲಿ ಅವರವರ ಭಾಷೆಯನ್ನು ಅವರು ಬಿಟ್ಟಿರಲಿಲ್ಲ.

ಆದ್ದರಿಂದ ಮುಂದಿನ ಸಲ ಪದ ಸಿಗದಿದ್ದರೆ ಫೋನು ದಾಟಿಸಬೇಡಿ. ಒರಳು ಎಂಬ ಪದ ಹೊಳೆಯಲಿಲ್ಲವೇ? "ದೋಸೆಹಿಟ್ಟು ರುಬ್ಬೋ ಕಲ್ಲು, ಅಜ್ಜೀ" ಎನ್ನಿ. ಪದವನ್ನು ಅವರೇ ಕೊಡುತ್ತಾರೆ, ಜೊತೆಗೆ ಒರಳಿನ ಒಂದು ಕಥೆಯನ್ನೂ. ಎಂಬತ್ತೇಳು, ಎಂಬತ್ತೊಂಬತ್ತು ಎಣಿಸಲು ಬಾರದವರ ಸಂಗತಿ ಮುಂದಿನ ಸಂಚಿಕೆಗೆ.