ಗಣಕದೊಳಗಿನ ಉಯ್ಯಾಲೆ

ಎಲೆಕ್ಟ್ರಾನಿಕ್ಸ್ ಶಾಸ್ತ್ರವನ್ನು ಅಭ್ಯಸಿಸುವ ಮಕ್ಕಳುಳ್ಳ ಮನೆಗಳಲ್ಲಿ ಹಿರಿಯರು ಹೇಳುವ ದೂರು ಒಂದುಂಟು: “ಹುಡುಗನು ಪುಸ್ತಕವನ್ನೂ ಹಿಡಿಯನು, ತಂತಿಯನ್ನೂ ಹಿಡಿಯನು; ಗಣಕಯಂತ್ರದ ಮುಂದೆ ಕುಳಿತು ಗೆರೆಗಳನ್ನು ನೋಡುತ್ತಿರುವನು.” ಆ ಗೆರೆಗಳಲ್ಲಿ ಅಡಗಿರುವ ವಿದ್ಯೆ ಯಾವುದೆಂಬುದನ್ನು ಗೃಹಸ್ಥರಾದ ವಾಚಕರಿಗೆ ತಿಳಿಸುವುದೇ ಈ ತಿಂಗಳಿನ ನಮ್ಮ ಉದ್ದೇಶ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಮನೆಗಳಿಗೆ ಈ ವಿಚಾರವು ವಿಶೇಷವಾಗಿ ಸಲ್ಲತಕ್ಕದ್ದು. ವಿದ್ಯುತ್ತಿನ ಅಲೆಗಳನ್ನು ಕಣ್ಣಿಗೆ ಕಾಣಿಸುವ ಆಸಿಲೋಸ್ಕೋಪ್ ಯಂತ್ರಕ್ಕೆ ಹಲವು ಸಾವಿರ ರೂಪಾಯಿ ಬೇಕು. ಅದು ಸಾಮಾನ್ಯರ ಮನೆಗೆ ಬರುವಂಥದಲ್ಲ. ಗಣಕದ ತಂತ್ರಾಂಶವಾದರೋ ಬಿಟ್ಟಿಯಾಗಿ ದೊರೆಯುವುದು.

ಮೊದಲು ಆಂದೋಲಕವೆಂದರೇನು? ಸಂಸ್ಕೃತದಲ್ಲಿ ದೋಲಾ ಎಂದರೆ ಉಯ್ಯಾಲೆ. ಪಂಚಮಿಯ ಜೋಕಾಲಿಯನ್ನು ಎಲ್ಲರೂ ಬಲ್ಲರು. ಒಮ್ಮೆ ತೂಗಿ ಬಿಟ್ಟರೆ ಅದು ನಾಲ್ಕಾರು ಸಲ ಆಡಿ ನಿಲ್ಲುವುದು. ನಿಲ್ಲದಿರಬೇಕಾದರೆ ಎರಡು ನಿಯಮಗಳು ನಡೆಯಬೇಕು. ಪ್ರತಿ ತೂಗಿನಲ್ಲಿ ನಷ್ಟವಾದಷ್ಟು ಬಲವನ್ನು ಮರಳಿ ಕೊಡಬೇಕು. ಅದನ್ನೂ ತಕ್ಕ ಕ್ಷಣದಲ್ಲಿಯೇ ಕೊಡಬೇಕು. ಹೊತ್ತು ತಪ್ಪಿ ನೂಕಿದರೆ ಜೋಕಾಲಿ ನಿಂತೇಹೋಗುವುದು. ವಿದ್ಯುನ್ಮಂಡಲಕ್ಕೂ ಇವೇ ಎರಡು ನಿಯಮಗಳೆಂದು ಹೇಳಿದವರು ಜರ್ಮನಿಯ ಬಾರ್ಕ್‌ಹೌಸೆನ್ ಪಂಡಿತರು. ಇಲ್ಲಿ ತಂತಿಯ ಸುರುಳಿಯೂ ಕೆಪಾಸಿಟರುಗಳೂ ಜೋಕಾಲಿ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ನೂಕುವ ಕೈ. ಬ್ಯಾಟರಿಯು ಆ ಕೈಗೆ ಬಲ.

ಇದರ ಉಪಯೋಗವು ದೂರದ್ದಲ್ಲ. ಧಾರವಾಡದ ಆಕಾಶವಾಣಿ ನಿಲಯವು 1950ರಲ್ಲಿ ಆರಂಭವಾಯಿತು. ಅದರ ಕಾರ್ಯಕ್ರಮಗಳನ್ನು 765 ಕಿಲೋಹರ್ಟ್ಸಿನಲ್ಲಿ ಕೇಳುತ್ತಿದ್ದ ಹಿರಿಯರು ಇಂದಿಗೂ ಇದ್ದಾರೆ. ಅವರ ರೇಡಿಯೋ ಪೆಟ್ಟಿಗೆಯೊಳಗೆ ಪುಟ್ಟ ಆಂದೋಲಕವೊಂದು 1220 ಕಿಲೋಹರ್ಟ್ಸಿನಲ್ಲಿ ತೂಗುತ್ತಿತ್ತು. ಎರಡರ ಅಂತರವಾದ 455 ಕಿಲೋಹರ್ಟ್ಸಿನ ಅಲೆಯನ್ನೇ ಪೆಟ್ಟಿಗೆಯು ಹಿಗ್ಗಿಸಿ, ಅದರಿಂದ ಮಾತನ್ನೂ ಹಾಡನ್ನೂ ಬೇರ್ಪಡಿಸಿ ಕೇಳಿಸುತ್ತಿತ್ತು. ಆ ಪುಟ್ಟ ಉಯ್ಯಾಲೆ ನಿಂತರೆ ನಿಲಯವೇ ಮೂಕವಾದಂತೆ.

ಇನ್ನು ತಂತ್ರಾಂಶದ ಮಾತು. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಲಾರೆನ್ಸ್ ನೇಗೆಲ್ ಎಂಬ ವಿದ್ಯಾರ್ಥಿಯು ಪ್ರಾಧ್ಯಾಪಕ ಡೊನಾಲ್ಡ್ ಪೆಡರ್ಸನ್ ಅವರ ಆಶ್ರಯದಲ್ಲಿ ‘ಸ್ಪೈಸ್’ ಎಂಬ ತಂತ್ರಾಂಶವನ್ನು ಲೋಕದ ಮುಂದಿಟ್ಟನು. ಮಂಡಲದ ಅಂಗಗಳನ್ನೂ ಅವುಗಳ ಜೋಡಣೆಯನ್ನೂ ಬರೆದುಕೊಟ್ಟರೆ, ಪ್ರತಿ ಸಂಧಿಯಲ್ಲಿ ಕ್ಷಣಕ್ಷಣಕ್ಕೆ ಎಷ್ಟು ವೋಲ್ಟು ಇರುವುದೆಂಬುದನ್ನು ಅದು ಗಣಿಸುವುದು. ವಿದ್ಯೆಯನ್ನು ಬಚ್ಚಿಡದೆ ಕೇಳಿದವರಿಗೆಲ್ಲ ಹಂಚಿದ್ದು ಆ ಗುರುಗಳ ಹಿರಿಮೆ. ಅದರ ವಂಶದ ಎನ್‌ಜಿಸ್ಪೈಸ್, ಎಲ್‌ಟಿಸ್ಪೈಸ್‌ಗಳು ಇಂದು ಧರ್ಮಾರ್ಥವಾಗಿ ಲಭ್ಯವಿವೆ. ಮುಂಬಯಿಯ ಐ.ಐ.ಟಿ.ಯ ‘ಫಾಸೀ’ ಯೋಜನೆಯವರು ಎನ್‌ಜಿಸ್ಪೈಸನ್ನು ಆಧರಿಸಿ ‘ಇಸಿಮ್’ ಎಂಬುದನ್ನು ಸಿದ್ಧಪಡಿಸಿದ್ದಾರೆ.

ಈಗ ವಿದ್ಯಾರ್ಥಿಗಳು ಎಡವುವ ಸ್ಥಳಕ್ಕೆ ಬರೋಣ. ಹುಡುಗನು ಪುಸ್ತಕದಲ್ಲಿದ್ದಂತೆಯೇ ಕೋಲ್ಪಿಟ್ಸ್ ಆಂದೋಲಕವನ್ನು ಬರೆಯುವನು: ನೂರು ಮೈಕ್ರೊಹೆನ್ರಿಯ ಸುರುಳಿ, ಒಂದೊಂದು ನ್ಯಾನೊಫ್ಯಾರಡಿನ ಎರಡು ಕೆಪಾಸಿಟರು, ಒಂದು ಟ್ರಾನ್ಸಿಸ್ಟರು, ಒಂಬತ್ತು ವೋಲ್ಟಿನ ಬ್ಯಾಟರಿ. ಸೂತ್ರದಂತೆ ಅದು ಸುಮಾರು 712 ಕಿಲೋಹರ್ಟ್ಸಿನಲ್ಲಿ ತೂಗಬೇಕು. ಆದರೆ ತೆರೆಯ ಮೇಲೆ ಕಾಣುವುದು ಒಂದು ನೇರ ಗೆರೆ! ಅಂಗಗಳನ್ನು ಬದಲಿಸುವನು, ಮತ್ತೆ ನೇರ ಗೆರೆ. ಮೂರು ದಿನ ಹೆಣಗಿ, ಕೊನೆಗೆ “ನನ್ನ ತಲೆಗೆ ಈ ವಿದ್ಯೆ ಹತ್ತದು” ಎಂದು ಕೈಬಿಡುವನು. ತಪ್ಪು ಮಂಡಲದ್ದೂ ಅಲ್ಲ, ಹುಡುಗನದೂ ಅಲ್ಲ.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಕಾರಣವು ಬೇಗ ಹೊಳೆಯುವುದು. ಮಣ್ಣೊಂದಿದ್ದರೆ ಗಡಿಗೆಯಾಗದು, ಕುಂಬಾರನೂ ಬೇಕು. ಒಂದು ಸಮವಾಯಿಕಾರಣ, ಇನ್ನೊಂದು ನಿಮಿತ್ತಕಾರಣ. ನಿಜವಾದ ಮಂಡಲದಲ್ಲಿ ನಿಮಿತ್ತವು ತಾನಾಗಿಯೇ ಒದಗುವುದು. ಬ್ಯಾಟರಿಯನ್ನು ಜೋಡಿಸಿದಾಗ ಉಂಟಾಗುವ ಅದಿರು ಒಂದು. ವಾಹಕದೊಳಗಿನ ಎಲೆಕ್ಟ್ರಾನುಗಳ ಎಡೆಬಿಡದ ಉಷ್ಣಚಲನೆಯಿಂದ ಹುಟ್ಟುವ ಅತಿಸೂಕ್ಷ್ಮವಾದ ಗದ್ದಲ ಇನ್ನೊಂದು. ಈ ಗದ್ದಲವನ್ನು 1920ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಜಾನ್ಸನ್ ಅಳೆದರು, ನೈಕ್ವಿಸ್ಟ್ ವಿವರಿಸಿದರು. ಆಂದೋಲಕವು ಈ ಗದ್ದಲದೊಳಗಿನಿಂದ ತನ್ನ ಸ್ವರವನ್ನು ಆಯ್ದು ಬೆಳೆಸಿಕೊಳ್ಳುವುದು. ತಂತ್ರಾಂಶವಾದರೋ ಮೊದಲಿಗೆ ಎಲ್ಲವೂ ಸಮತೂಕದಲ್ಲಿ ನಿಂತ ಸ್ಥಿತಿಯನ್ನು ಗಣಿಸಿ, ಅಲ್ಲಿಂದ ಕಾಲವನ್ನು ಆರಂಭಿಸುವುದು. ಅದರ ಲೋಕದಲ್ಲಿ ಗಾಳಿಯಿಲ್ಲ, ಗದ್ದಲವಿಲ್ಲ, ಜೋಕಾಲಿಯನ್ನು ಮುಟ್ಟುವವರಿಲ್ಲ. ನಿಂತದ್ದು ನಿಂತೇ ಇರುವುದು.

ಪರಿಹಾರವು ಸುಲಭ. ಬ್ಯಾಟರಿಯ ವೋಲ್ಟು ಆರಂಭದಲ್ಲಿ ಸೊನ್ನೆಯಾಗಿದ್ದು ಥಟ್ಟನೆ ಒಂಬತ್ತಕ್ಕೆ ಏರುವಂತೆ ಬರೆಯಬೇಕು. ಇಲ್ಲವೆ ಒಂದು ಕೆಪಾಸಿಟರಿಗೆ ಆರಂಭದಲ್ಲಿಯೇ ಅಲ್ಪ ವೋಲ್ಟನ್ನು ಕೊಡಬೇಕು. ನಿಜವಾದ ಪರೀಕ್ಷೆಯು ಆ ಮೇಲಿನದು. ಅಲೆಯು ತಾನೇ ಬೆಳೆದು ಒಂದು ಎತ್ತರದಲ್ಲಿ ಸ್ಥಿರವಾಗಿ ನಿಂತರೆ ಮಂಡಲವು ಸರಿ. ನಾಲ್ಕು ಸಲ ತೂಗಿ ಕ್ಷೀಣಿಸಿದರೆ ಮಾತ್ರ ದೋಷವನ್ನು ಹುಡುಕತಕ್ಕದ್ದು. ಗಣನೆಯ ಹೆಜ್ಜೆಯೂ ಕಿರಿದಾಗಿರಬೇಕು. ಮೇಲೆ ಹೇಳಿದ ಆಂದೋಲಕದ ಒಂದು ತೂಗಿಗೆ ಸುಮಾರು 1.4 ಮೈಕ್ರೊಸೆಕೆಂಡು ಹಿಡಿಯುವುದು, ಹೆಜ್ಜೆಯು 0.02 ಮೈಕ್ರೊಸೆಕೆಂಡನ್ನು ಮೀರದಿದ್ದರೆ ಒಳಿತು. ಹೆಜ್ಜೆಯು ದೊಡ್ಡದಾದರೆ ಸರಿಯಾದ ಅಲೆಯೂ ವಿಕಾರಗೊಳ್ಳುವುದು.

ನಮ್ಮ ಸೀಮೆಯವರು ಮರೆಯಬಾರದ ಸಂಗತಿ ಇನ್ನೊಂದಿದೆ. ನಾವು ಬೇರೆ ಹೇಳದಿದ್ದರೆ ಸ್ಪೈಸ್ ಎಲ್ಲವನ್ನೂ 27 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಗಣಿಸುವುದು. ಹಗರಿಯ ದಂಡೆಯ ಬೇಸಗೆಯಲ್ಲಿ 27 ಡಿಗ್ರಿ ಎಲ್ಲಿಯದು? ಉಷ್ಣವು ಒಂದು ಡಿಗ್ರಿ ಏರಿದಂತೆ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟು ಸುಮಾರು ಎರಡು ಮಿಲಿವೋಲ್ಟು ಇಳಿಯುವುದು. 42 ಡಿಗ್ರಿಯ ಮಧ್ಯಾಹ್ನದಲ್ಲಿ ಈ ವ್ಯತ್ಯಾಸವು 30 ಮಿಲಿವೋಲ್ಟಿನಷ್ಟಾಗುವುದು. ಆದಕಾರಣ ಉಷ್ಣಮಾನವನ್ನು 42 ಎಂದು ಬರೆದು ಇನ್ನೊಮ್ಮೆ ನೋಡತಕ್ಕದ್ದು. ಸುರುಳಿಯ ತಂತಿಗೆ ಇರುವ ರೋಧವನ್ನೂ ಬರೆಯಬೇಕು; ನಾವು ಹೇಳದಿದ್ದರೆ ತಂತ್ರಾಂಶವು ಅದನ್ನು ಬಹುಮಟ್ಟಿಗೆ ಇಲ್ಲವೆಂದೇ ಎಣಿಸುವುದು.

ಇಷ್ಟರಿಂದ ಒಂದು ವಿವೇಕವು ಹುಟ್ಟುತ್ತದೆ. ತಂತ್ರಾಂಶದಲ್ಲಿ ನಿಶ್ಚಲವಾಗಿದ್ದ ಮಾತ್ರಕ್ಕೆ ಮಂಡಲವು ಕೆಟ್ಟದ್ದಲ್ಲ. ಅಲ್ಲಿ ತೂಗಿದ ಮಾತ್ರಕ್ಕೆ ಒಳ್ಳೆಯದೂ ಅಲ್ಲ. ಗಣಕವು ಕೊಡುವುದು ಅನುಮಾನ. ಬೆಸುಗೆ ಹಾಕಿ ನೋಡುವುದು ಪ್ರತ್ಯಕ್ಷ. ಎರಡೂ ಪ್ರಮಾಣಗಳೇ, ಒಂದನ್ನು ಹಿಡಿದು ಇನ್ನೊಂದನ್ನು ಬಿಡುವವನಿಗೆ ವಿದ್ಯೆಯು ಅರ್ಧವೇ ದಕ್ಕುವುದು. ಗಣಕದಲ್ಲಿ ಹತ್ತು ಸಲ ತೂಗಿಸಿ ನೋಡಿದವನು ಕೈಯಿಂದ ಕಟ್ಟುವಾಗ ಟ್ರಾನ್ಸಿಸ್ಟರುಗಳನ್ನು ಸುಡುವುದು ಕಡಿಮೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಗನೋ ಮಗಳೋ ಗಣಕದ ಮುಂದೆ ನೇರ ಗೆರೆಯನ್ನು ನೋಡುತ್ತ ಖಿನ್ನರಾಗಿ ಕುಳಿತಿದ್ದರೆ, “ಏನು ವ್ಯರ್ಥ ಕಾಲಹರಣ” ಎಂದು ಗದರಿಸಬೇಡಿರಿ. “ಜೋಕಾಲಿಯನ್ನು ಮೊದಲು ನೂಕಿದೆಯೇನಪ್ಪ? ನೂಕಿದೆಯೇನಮ್ಮ?” ಎಂದು ಕೇಳಿರಿ. ಮಗಳನ್ನು ಪರಸ್ಥಳದ ಪ್ರಯೋಗಶಾಲೆಗೆ ಕಳುಹಿಸಲು ಅನುಕೂಲವಿಲ್ಲದ ಮನೆಯಲ್ಲಿಯೂ ಈ ಅಭ್ಯಾಸವು ಸಾಧ್ಯ. ಬುದ್ಧಿಯು ನಮ್ಮ ಮಕ್ಕಳಲ್ಲಿ ಬೇಕಾದಷ್ಟಿದೆ. ಆರಂಭದ ಒಂದು ಅಲ್ಪ ನೂಕು ಮಾತ್ರ ಮನೆಯವರಿಂದ ಬರಬೇಕು. ಆ ಬಳಿಕ ಅವರು ತಾವೇ ತೂಗಿಕೊಳ್ಳುವರು.