ಕಾಲಡಿಯ ಕರಿಕಲ್ಲು

ಜ್ವಾಲಾಮುಖಿಯ ಪಾಠ ಬಂದಾಗ ಮಕ್ಕಳ ಮನಸ್ಸು ದೂರದ ದ್ವೀಪಗಳತ್ತ ಹರಿಯುವುದು ಸಹಜ. ನಮ್ಮ ದೇಶದಲ್ಲಿಯೂ ಅಂಥದೊಂದುಂಟು: ಪೋರ್ಟ್ ಬ್ಲೇರಿನ (2024ರಿಂದ ಶ್ರೀ ವಿಜಯಪುರಂ) ಈಶಾನ್ಯಕ್ಕೆ ಸುಮಾರು 140 ಕಿ.ಮೀ. ದೂರದ ಬ್ಯಾರನ್ ದ್ವೀಪ. 1787ರಲ್ಲಿ ಅದು ಉರಿದುದಕ್ಕೆ ದಾಖಲೆಯಿದೆ. ದೀರ್ಘ ಮೌನದ ಬಳಿಕ 1991ರಲ್ಲಿ ಮತ್ತೆ ಉರಿಯಿತು. ಅಲ್ಲಿ ಜನವಸತಿಯಿಲ್ಲ, ಹತ್ತಿ ನೋಡುವ ಆಸೆ ಹಡಗಿನಲ್ಲಿಯೇ ಮುಗಿಯುತ್ತದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಮಕ್ಕಳಿಗೆ ಅಷ್ಟು ದೂರದ ಅಗತ್ಯವೂ ಇಲ್ಲ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಉದ್ದುದ್ದವಾಗಿ ಬಿರಿದು, ಕರಗಿದ ಕಲ್ಲು ದಖನ್ನಿನ ಮೇಲೆ ಪದರಪದರವಾಗಿ ಹರಡಿ ಹೆಪ್ಪುಗಟ್ಟಿತು. ಆದ್ದರಿಂದ ನಮ್ಮ ಚಪ್ಪಟೆ ನೆತ್ತಿಯ ಗುಡ್ಡಗಳಲ್ಲಿ ಬೆಂಕಿಯ ಬಾಯಿಯನ್ನು ಹುಡುಕಬಾರದು. ಅವು ಜ್ವಾಲಾಮುಖಿಗಳಲ್ಲ, ಸವೆದುಳಿದ ಲಾವಾದ ಮೆಟ್ಟಿಲುಗಳು. ನಮ್ಮ ಎರೆಮಣ್ಣು ಆ ಕರಿಕಲ್ಲು ಶಿಥಿಲವಾಗಿ ಆದದ್ದು; ಜಹೀರಾಬಾದಿನ ಕೆಂಪುನೆಲವೂ ಅದರದೇ ಸಂತಾನ. ಬೀದರಿನಲ್ಲಿ ಕೆಂಪುಕಲ್ಲಿನೊಳಗೆ ಇಂಗಿದ ನೀರು ಅಡಿಯ ಕರಿಕಲ್ಲಿಗೆ ತಾಗಿ ನಿಲ್ಲುತ್ತದೆ. ಬಹಮನಿ ಕಾಲದ ಸುರಂಗ ಬಾವಿಗಳನ್ನು ತೋಡಿದವರು ಈ ಸಂಧಿಯನ್ನು ಬಲ್ಲವರಾಗಿದ್ದರು. ತಾಂಡೂರಿನ ಫರಸಿಯಾದರೋ ಲಾವಾಕ್ಕಿಂತ ಬಹಳ ಹಳೆಯದು, ಸಮುದ್ರತಳದ ಸುಣ್ಣದ ಕೆಸರು. ಉತ್ತರಕ್ಕೆ ಸಾಗಿದಂತೆ ಅದು ಕರಿಕಲ್ಲಿನಡಿ ಅಡಗುತ್ತದೆ.

ಲಾವಾ ಒಂದೇ ಸಲ ಹರಿದುದಲ್ಲ. ಎರಡು ಪ್ರವಾಹಗಳ ನಡುವಿನ ಬಿಡುವಿನಲ್ಲಿ ಕೆರೆಗಳಾದವು, ಜೀವಗಳು ಬಂದವು. ವಿಕಾರಾಬಾದ್ ಬಳಿಯ ನಸ್ಕಲ್‌ನ ಅಂಥ ಕೆಸರುಪದರದಲ್ಲಿ ದೊರೆತ ಪುಟ್ಟ ಸಸ್ತನಿಯ ಹಲ್ಲುಗಳನ್ನು ವಿಜ್ಞಾನಿಗಳಾದ ಪ್ರಸಾದ್ ಮತ್ತು ಸಾಹ್ನಿ 1988ರಲ್ಲಿ ಪ್ರಕಟಿಸಿದರು. ಅದಕ್ಕಿಟ್ಟ ಹೆಸರು ಡೆಕ್ಕನೊಲೆಸ್ಟಿಸ್. ದಖನ್ನಿನ ಹೆಸರೇ ಅದರಲ್ಲಿದೆ. ಡೈನೋಸಾರಿನ ಚಿತ್ರ ಬರೆಯುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಈ ನೆರೆಯ ಜೀವಿಯ ಹೆಸರು ಕೇಳಿರುವರೋ!

ನಮ್ಮ ಚಿಂತೆ ಇದು. ಮಗು ಶಾಲೆಯಲ್ಲಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬಸಾಲ್ಟ್ ಎಂದು ಬಾಯಿಪಾಠ ಮಾಡುತ್ತದೆ. ಮನೆಯಲ್ಲಿ ಅಜ್ಜ ಕರಿಕಲ್ಲು, ಎರಿ, ಫರಸಿ ಎನ್ನುತ್ತಾನೆ. ಎರಡೂ ಒಂದೇ ನೆಲದ ಮಾತೆಂದು ಇಬ್ಬರಿಗೂ ಯಾರೂ ತಿಳಿಸುವುದಿಲ್ಲ. ಬಾವಿ ತೋಡಿದ ಹಿರಿಯರಿಗೆ ಪ್ರತಿ ಪದರಕ್ಕೂ ಒಂದು ಹೆಸರು ಗೊತ್ತು. ಆ ಪೀಳಿಗೆ ಕರಗುತ್ತಿದೆ.

ಈ ರಜೆಯಲ್ಲಿ ಅಜ್ಜನನ್ನೂ ಮೊಮ್ಮಗುವನ್ನೂ ಕೂಡಿಸಿ ಹತ್ತಿರದ ಹಳ್ಳಕ್ಕೆ ಕಳುಹಿಸಿರಿ. ಈರುಳ್ಳಿಯ ಸಿಪ್ಪೆಯಂತೆ ಕಳಚುವ ಗುಂಡುಗಳನ್ನು, ತೂತುತೂತಾದ ಕಲ್ಲುಗಳನ್ನು ನೋಡಲಿ. ತೂತುಗಳು ಲಾವಾದೊಳಗಿನ ಅನಿಲದ ಗುಳ್ಳೆಗಳು. ಬಿಳಿಯ ಹರಳು ಆಮೇಲೆ ನೀರಿನಿಂದ ತುಂಬಿಕೊಂಡದ್ದು. ಅಜ್ಜ ಹೇಳಿದ ಹೆಸರನ್ನೂ ಪುಸ್ತಕದ ಹೆಸರನ್ನೂ ಮಗು ಒಂದೇ ಪುಟದಲ್ಲಿ ಬರೆದಿಡಲಿ. ಹಳೆಯ ಬಾವಿಯ ಅಂಚಿಗೆ ಮಾತ್ರ ಬಿಡಬೇಡಿರಿ. ಹಳ್ಳದ ದಂಡೆ ಸಾಕು.